ಪುಟ ನಲವತ್ತೊಂದು ನೋಡಿ

ವಿಸ್ಕಾನ್ಸಿನ್‌ನ ಬ್ರಾಂಟ್ ಹಾರ್ಬರ್ ಊರಿನ ಗ್ರಂಥಾಲಯದಲ್ಲಿ ಆರ್ಡಿಸ್ ಮ್ಯಾಡ್ಸೆನ್ ಇಪ್ಪತ್ತೆರಡು ವರ್ಷಗಳಿಂದ ಪುಸ್ತಕಗಳಿಗೆ ಕಾರ್ಡು ಬರೆಯುತ್ತಿದ್ದಳು. ಯಾವ ಪುಸ್ತಕವನ್ನು ಯಾರು ಯಾವ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಾರೆಂದು ಮೊದಲೇ ಊಹಿಸಿ, ಆ ಹೆಸರಿನಡಿ ಒಂದು ಕಾರ್ಡು ಇಟ್ಟಿರುವುದೇ ಅವಳ ಕೆಲಸ. ಹೃದ್ರೋಗ ಎಂಬ ಪದ ಗೊತ್ತಿಲ್ಲದವನು 'ಎದೆನೋವು' ಎಂದು ಹುಡುಕಿದರೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಸಿಗದೆ ಬರಿಗೈಲಿ ಹೋದರೆ ತಪ್ಪು ಅವನದಲ್ಲ, ತನ್ನದು ಎಂದು ಅವಳು ನಂಬಿದ್ದಳು. ವಯಸ್ಸು ಐವತ್ತಮೂರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೂ ಊರಿನವರು ಏನಾದರೂ ಹುಡುಕಬೇಕಾದರೆ ನೇರವಾಗಿ ಅವಳ ಮೇಜಿನ ಹತ್ತಿರವೇ ಬರುತ್ತಿದ್ದರು.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದು ಕೋಣೆಯಿತ್ತು. ಅದನ್ನು ಯಾರಿಗೆ ಯಾವ ದಿನ ಕೊಡಬೇಕೆಂಬ ಪಟ್ಟಿ ಆರ್ಡಿಸಳ ಕೈಯಲ್ಲಿತ್ತು. ಶನಿವಾರ ಮಧ್ಯಾಹ್ನ ಅಲ್ಲಿ ಕರ್ಟ್ ಡ್ವೊರಾಕ್‌ನ ಗುಂಪು ಸೇರುತ್ತಿತ್ತು. ಕರ್ಟ್ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಅವನೂ ಅವನ ಐದು ಜನ ಗೆಳೆಯರೂ ಮೇಜಿನ ಸುತ್ತ ಕೂತು 'ಕಬ್ಬಿಣದ ತೀರ' ಎಂಬ ಆಟ ಆಡುತ್ತಿದ್ದರು. ಕರ್ಟ್ ಕತೆ ನಡೆಸುತ್ತಿದ್ದ; ಉಳಿದವರು ಒಬ್ಬ ನಾವಿಕ, ಒಬ್ಬ ಕಳ್ಳ, ಒಬ್ಬ ಮಾಟಗಾತಿ ಹೀಗೆ ಪಾತ್ರವಾಗಿ ಮಾತಾಡುತ್ತಿದ್ದರು. ಏನಾದರೂ ಅಪಾಯ ಎದುರಾದರೆ ದಾಳ ಉರುಳಿಸಿ, ಮುಂದೇನಾಯಿತೆಂದು ನಿಯಮಗಳ ಪುಸ್ತಕ ತೆಗೆದು ನೋಡುತ್ತಿದ್ದರು.

ಆ ಆಟ ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಅದನ್ನು ಕಟ್ಟಿದವನು ರಸೆಲ್ ಜಾಸ್ಟ್ರೋ. ಹೈಸ್ಕೂಲಿನಲ್ಲಿದ್ದಾಗಿನಿಂದ ಅವನು ಕೋಟೆ, ಹಡಗು, ರಾಜವಂಶಗಳ ಪುಸ್ತಕ ಕೇಳಿಕೊಂಡು ಆರ್ಡಿಸಳ ಬಳಿ ಬರುತ್ತಿದ್ದ. ಅಲ್ಲಿ ಇಲ್ಲದ್ದನ್ನು ಬೇರೆ ಊರಿನಿಂದ ತರಿಸಿ ಕೊಟ್ಟವಳು ಅವಳು. ಈಗ ಅವನಿಗೆ ಮೂವತ್ತು ದಾಟಿತ್ತು. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಸ್ವಂತ ಕಂಪನಿಯಿತ್ತು, ಅಮೆರಿಕದ ಉದ್ದಗಲಕ್ಕೂ ಅವನ ಆಟ ಆಡುವವರಿದ್ದರು. ಆದರೂ ಅವಳನ್ನು ಈಗಲೂ ಮಿಸೆಸ್ ಮ್ಯಾಡ್ಸೆನ್ ಎಂದೇ ಕರೆಯುತ್ತಿದ್ದ.

ಒಂದು ಶನಿವಾರ ಕೋಣೆಯ ದೀಪ ಕೆಟ್ಟಿದೆಯೆಂದು ನೋಡಲು ಹೋದ ಆರ್ಡಿಸ್‌ಗೆ ಕರ್ಟ್‌ನ ಪುಸ್ತಕ ಕಣ್ಣಿಗೆ ಬಿತ್ತು. ಪುಟಪುಟಕ್ಕೂ ಕಾಗದದ ಚೂರು ಸಿಕ್ಕಿಸಿ ಅದು ಪುಕ್ಕ ಕೆದರಿದ ಕೋಳಿಯಂತಾಗಿತ್ತು. ಅವಳು ದೀಪ ಮರೆತು ಅಲ್ಲೇ ನಿಂತಳು. ಅದೇ ಹೊತ್ತಿಗೆ ಆಟದಲ್ಲಿ ನಾವಿಕ ಹಡಗಿನಿಂದ ಸಮುದ್ರಕ್ಕೆ ಬಿದ್ದ. ಅವನು ಮುಳುಗುತ್ತಾನೋ ತೇಲುತ್ತಾನೋ ತಿಳಿಯಲು ಕರ್ಟ್ ಪುಸ್ತಕ ತೆಗೆದ. 'ನೀರು' ಎಂದು ಹುಡುಕಿದ, 'ಈಜು' ಎಂದು ಹುಡುಕಿದ, 'ಸಮುದ್ರ' ಎಂಬ ಅಧ್ಯಾಯವನ್ನೆಲ್ಲ ತಿರುವಿದ. ಹತ್ತು ನಿಮಿಷವಾದರೂ ಸಿಗಲಿಲ್ಲ. ನಾವಿಕನ ಪಾತ್ರದವನು ಆಕಳಿಸಿದ, ಕಳ್ಳನ ಪಾತ್ರದವನು ಎದ್ದು ಸೋಡಾ ತರಲು ಹೋದ. ಕೊನೆಗೆ ಅದು ಸಿಕ್ಕಿದ್ದು ಕವಚಗಳ ಅಧ್ಯಾಯದಲ್ಲಿ. ಕಬ್ಬಿಣದ ಕವಚ ತೊಟ್ಟವನು ಬೇಗ ಮುಳುಗುತ್ತಾನೆಂದು ಹೇಳುವ ನೆಪದಲ್ಲಿ ರಸೆಲ್ ಮುಳುಗುವ ನಿಯಮವನ್ನು ಅಲ್ಲೇ, ಒಂದು ಉದ್ದನೆಯ ವರ್ಣನೆಯ ನಡುವೆ, ಹುದುಗಿಸಿಬಿಟ್ಟಿದ್ದ.

ಸೋಮವಾರ ಅವಳು ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿ ರಸೆಲ್‌ಗೆ ಅದನ್ನು ಹೇಳಿದಳು. ಅವನು ನಕ್ಕ. ಪುಸ್ತಕದಲ್ಲಿ ಅಲ್ಲಲ್ಲಿ ನಿಧಿ ಬಚ್ಚಿಟ್ಟ ಹಾಗೆ, ಓದುವವರಿಗೆ ಅದೇ ಖುಷಿ ಎಂದ. ಅವಳು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೂ ನಗು ನಿಲ್ಲಿಸಿ, ಎರಡನೆಯ ಆವೃತ್ತಿ ತರುತ್ತಿದ್ದೇನೆ, ಪದಸೂಚಿ ಮಾಡಿಕೊಡುತ್ತೀರಾ ಎಂದು ಕೇಳಿದ. ಮನೆ ಕಟ್ಟಿದ್ದೇ ಸೊಟ್ಟಗಿರುವಾಗ ಬರೀ ಬಾಗಿಲಿಗೆ ಬಣ್ಣ ಬಳಿದರೆ ಏನು ಬಂತು, ಮಾಡಿದರೆ ಪೂರ್ತಿ ಜೋಡಣೆಯನ್ನೇ ಮಾಡುತ್ತೇನೆ ಎಂದಳು. ಅವನು ಒಪ್ಪಿದ.

ಮೂರು ತಿಂಗಳು ಪ್ರತಿ ಶನಿವಾರ ಅವಳು ನೆಲಮಾಳಿಗೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಆಟ ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದೂ ಇರಲಿಲ್ಲ. ಯಾರಾದರೂ ಪುಸ್ತಕಕ್ಕೆ ಕೈ ಹಾಕಿದ ಕೂಡಲೇ ಗಡಿಯಾರ ನೋಡುತ್ತಿದ್ದಳು. ಏನು ಬೇಕಾಗಿತ್ತು, ಮೊದಲು ಯಾವ ಪದ ಹಿಡಿದು ಹುಡುಕಿದರು, ಆಮೇಲೆ ಯಾವುದು, ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಾಯಿತು, ಎಲ್ಲ ನೋಟುಪುಸ್ತಕಕ್ಕೆ ಹೋಗುತ್ತಿತ್ತು. ಮೊದಮೊದಲು ಹುಡುಗರು ಮೈ ಬಿಗಿ ಹಿಡಿದು ಕೂರುತ್ತಿದ್ದರು. ಆಮೇಲೆ ಕರ್ಟನೇ ಅವಳಿಗೊಂದು ಕಾಫಿ ತಂದಿಡತೊಡಗಿದ. ಪುಸ್ತಕ ತೆರೆದಾಗಲೆಲ್ಲ, "ಬರ್ಕೊಳಿ ಮಿಸೆಸ್ ಮ್ಯಾಡ್ಸೆನ್, ವಿಷ ಕುಡ್ದಿದಾನೆ ಈ ಸಲ," ಎಂದು ತಾನೇ ಕೂಗಿ ಹೇಳುತ್ತಿದ್ದ.

ಹಾಗೆ ಮುನ್ನೂರ ಹದಿನಾರು ಹುಡುಕಾಟಗಳು ಸೇರಿದವು. ಅವಳು ಮನೆಯ ಊಟದ ಮೇಜಿನ ಮೇಲೆ ರಸೆಲ್‌ನ ಪುಸ್ತಕವನ್ನು ಕತ್ತರಿಯಿಂದ ನಿಯಮ ನಿಯಮವಾಗಿ ಕತ್ತರಿಸಿದಳು. ಒಂದು ಸಂಗತಿ ಮೂರು ಕಡೆ ಮೂರು ಥರ ಹೇಳಿದ್ದು ಸಿಕ್ಕಿತು; ಎಲ್ಲೂ ಹೇಳದೆ ಬಿಟ್ಟದ್ದೂ ಸಿಕ್ಕಿತು. ಒಂದೊಂದು ವಿಷಯಕ್ಕೂ ಎದುರುಬದುರಿನ ಎರಡು ಪುಟ ಕೊಟ್ಟಳು, ಕಾದಾಟದ ನಡುವೆ ಯಾರೂ ಹಾಳೆ ಮಗುಚಬಾರದು. ನಿಯಮ ಎಲ್ಲಿದೆಯೋ ಅದರ ಕೋಷ್ಟಕವೂ ಅಲ್ಲೇ ಇರಬೇಕು. ತಲೆಬರಹ ಲೇಖಕನಿಗೆ ಇಷ್ಟವಾದ ಪದವಲ್ಲ, ಆಡುವವನ ಬಾಯಿಗೆ ಮೊದಲು ಬರುವ ಪದ. ರಸೆಲ್ 'ಜಲರಾಜನ ಆಲಿಂಗನ' ಎಂದು ಬರೆದಿದ್ದನ್ನು ಅವಳು 'ಮುಳುಗುವುದು' ಎಂದು ಮಾಡಿ ನಲವತ್ತೊಂದನೆಯ ಪುಟಕ್ಕೆ ತಂದಳು. ನೀರು, ಈಜು, ಉಸಿರು, ಸಮುದ್ರ, ಹಡಗಿನಿಂದ ಬೀಳುವುದು, ಯಾವ ಪದ ಹಿಡಿದು ಬಂದರೂ ಪದಸೂಚಿ ಅಲ್ಲಿಗೇ ಕಳಿಸುತ್ತಿತ್ತು.

ಪುಸ್ತಕದ ಮೊದಲಿಗಿದ್ದ ಹನ್ನೆರಡು ಪುಟದ ಕತೆಯನ್ನು ಅವಳು ಸಣ್ಣ ಅಕ್ಷರದಲ್ಲಿ ಎಂಟು ಪುಟಕ್ಕಿಳಿಸಿ ಕೊನೆಗೆ ತಳ್ಳಿದಳು. ಅದು ರಸೆಲ್ ಬರೆದ ವೀರಗಾಥೆ. ಮುನ್ನೂರ ಹದಿನಾರು ಸಲದಲ್ಲಿ ಅದನ್ನು ಒಬ್ಬರೂ ತೆರೆದಿರಲಿಲ್ಲ.

ಹಸ್ತಪ್ರತಿ ನೋಡಿ ರಸೆಲ್‌ನ ಮುಖ ಇಳಿಯಿತು. ಬಹಳ ಹೊತ್ತು ಹಾಳೆ ತಿರುವಿದ.

"ಇದು ಓದೋ ಪುಸ್ತಕ, ಮಿಸೆಸ್ ಮ್ಯಾಡ್ಸೆನ್. ನೀವು ಟೆಲಿಫೋನ್ ಡೈರೆಕ್ಟರಿ ಮಾಡಿಟ್ಟಿದೀರಿ."

"ಓದೋದು ಮನೇಲಿ, ಒಂದ್ಸಲ. ಮೇಜಿನ ಮೇಲೆ ಹುಡುಕೋದು ನೂರು ಸಲ," ಎಂದಳು ಆರ್ಡಿಸ್. "ನೀರಲ್ಲಿ ಬಿದ್ದೋನು ನಿನ್ನ ವರ್ಣನೆ ಮುಗಿಯೋವರೆಗೂ ಕಾಯ್ತಾನೇನೋ?"

ರಸೆಲ್ ಹಾಳೆಗಳನ್ನು ಒಟ್ಟುಮಾಡಿ ಮೇಜಿನ ಮೇಲಿಟ್ಟ. ಒಪ್ಪಿಕೊಂಡ. ಅವಳು ಒಂದೇ ಒಂದು ಮಾತು ತೆಗೆದುಕೊಂಡಳು: ಪದಸೂಚಿಯ ಪುಟಸಂಖ್ಯೆ ಹಾಕಿ ಮುಗಿಸಿದ ಮೇಲೆ ಒಂದು ಪುಟವೂ ಆಚೀಚೆ ಆಗಕೂಡದು. ಆಗಲೇಬೇಕಾದರೆ ತನಗೆ ಮೊದಲು ತಿಳಿಸಬೇಕು. ಒಂದು ವಾರ ಕೊಟ್ಟರೆ ಸರಿಪಡಿಸಿ ಕೊಡುತ್ತೇನೆ ಎಂದಳು. ರಸೆಲ್ ಅವಳ ಕೈ ಹಿಡಿದು ಕುಲುಕಿ ಆಗಲೆಂದ.

ಸಾವಿರದ ಒಂಬೈನೂರ ಎಂಬತ್ತಾರರ ಆಗಸ್ಟ್‌ನಲ್ಲಿ ಪುಸ್ತಕ ಹೊರಬಂತು. ಮಿಲ್ವಾಕಿಯಲ್ಲಿ ಆಟಗಾರರ ದೊಡ್ಡ ಸಮ್ಮೇಳನ. ನೀವು ಬರಲೇಬೇಕು, ನಿಮಗೊಂದು ಅಚ್ಚರಿ ಇದೆ ಎಂದು ರಸೆಲ್ ಕರೆದ. ಆರ್ಡಿಸ್ ಚರ್ಚಿಗೆ ಹಾಕಿಕೊಳ್ಳುವ ನೀಲಿ ಕೋಟು ತೊಟ್ಟು ಬಸ್ಸಿನಲ್ಲಿ ಹೋದಳು. ಕಂಪನಿಯ ಮಳಿಗೆಯ ಮುಂದೆ ಜಾತ್ರೆಯಂಥ ಜನ. ರಸೆಲ್ ದೂರದಿಂದಲೇ ಅವಳನ್ನು ಕಂಡು, ಜನರ ನಡುವೆ ದಾರಿ ಮಾಡಿಕೊಂಡು ಬಂದು ಒಂದು ಪ್ರತಿ ಕೈಗಿಟ್ಟ. ಹೆಸರುಗಳ ಪುಟ ತೆರೆದು ಬೆರಳಿಟ್ಟು ತೋರಿಸಿದ. ಅವನ ಹೆಸರಿನ ಕೆಳಗೇ, ಅದಕ್ಕಿಂತ ಸ್ವಲ್ಪವೇ ಸಣ್ಣ ಅಕ್ಷರದಲ್ಲಿ, 'ಜೋಡಣೆ ಮತ್ತು ಪದಸೂಚಿ: ಆರ್ಡಿಸ್ ಮ್ಯಾಡ್ಸೆನ್' ಎಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಲಕ್ಷಗಟ್ಟಲೆ ಕಾರ್ಡು ಬರೆದಿದ್ದಳು. ಯಾವುದರಲ್ಲೂ ಅವಳ ಹೆಸರಿರಲಿಲ್ಲ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ರಸೆಲ್ ಅವಳ ಭುಜ ತಟ್ಟಿ ಮತ್ತೆ ಜನರೊಳಗೆ ಹೋದ.

ಹತ್ತಿರದ ಒಂದು ಮೇಜಿನಲ್ಲಿ ಹೊಸ ಪುಸ್ತಕ ಇಟ್ಟುಕೊಂಡು ಆಟ ನಡೆಯುತ್ತಿತ್ತು. ನಡೆಸುತ್ತಿದ್ದವನು ಇಲಿನಾಯ್‌ನಿಂದ ಬಂದ, ಕೆಂಪು ಗಡ್ಡದ ಯಾರೋ. ಆರ್ಡಿಸ್ ಅಭ್ಯಾಸಬಲದಿಂದ ಪಕ್ಕದ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದಳು. ಸ್ವಲ್ಪ ಹೊತ್ತಿಗೆ ಒಂದು ಪಾತ್ರ ಸೇತುವೆಯಿಂದ ಹೊಳೆಗೆ ಬಿತ್ತು. ಗಡ್ಡದವನು ಪದಸೂಚಿ ತೆಗೆದ, 'ನೀರು' ಎಂದು ನೋಡಿದ, ಮೂರೇ ಸೆಕೆಂಡಿನಲ್ಲಿ "ನಲವತ್ತೊಂದು" ಎಂದ. ಆರ್ಡಿಸ್ ತನಗರಿವಿಲ್ಲದೆ ಮುಂದೆ ಬಾಗಿದಳು. ಅವನು ನಲವತ್ತೊಂದನೆಯ ಪುಟ ತೆರೆದ. ಅಲ್ಲಿ ಕುದುರೆ, ಹಗ್ಗ, ಲಾಟೀನುಗಳ ಪಟ್ಟಿಯಿತ್ತು.

ಮತ್ತೆ ಪದಸೂಚಿ ನೋಡಿದ. 'ಈಜು', ನಲವತ್ತೊಂದು. 'ಉಸಿರು', ನಲವತ್ತೊಂದು. ಮತ್ತೆ ಕುದುರೆಗಳು.

"ಕುದುರೆ ಬಾಲ ಹಿಡ್ಕೊಂಡು ಈಜ್ಬೇಕೇನೋ," ಎಂದ ಒಬ್ಬ. ಮೇಜೆಲ್ಲ ನಕ್ಕಿತು.

ಗಡ್ಡದವನು ಹಿಂದಕ್ಕೆ ತಿರುವಿ ಹೆಸರುಗಳ ಪುಟ ಹುಡುಕಿದ. "ಯಾರಪ್ಪ ಈ ಆರ್ಡಿಸ್ ಮ್ಯಾಡ್ಸೆನ್? ಕುಡ್ದು ಬರ್ದಿರ್ಬೇಕು. ಒಂದೂ ಸರಿ ಇಲ್ಲ ಇದ್ರಲ್ಲಿ." ಅವನು ಪಕ್ಕಕ್ಕೆ ತಿರುಗಿ, ವಯಸ್ಸಾದ ಹೆಂಗಸು ಕೂತಿದ್ದಾಳೆಂದು ಕಂಡು, ಒರಟು ಮಾತಿಗೆ ಕ್ಷಮಿಸಿ ಎಂದ. ಪರವಾಗಿಲ್ಲ ಎಂದಳು ಆರ್ಡಿಸ್.

ತನ್ನ ಪ್ರತಿಯನ್ನು ಅವಳು ಮೆಟ್ಟಿಲ ಮೇಲೆ ಕೂತು ಬಿಚ್ಚಿದಳು. ಮೊದಲಲ್ಲೇ ವೀರಗಾಥೆ, ಹನ್ನೆರಡು ಪುಟ. ಅಷ್ಟೇ ಆಗಿದ್ದರೆ ಹನ್ನೆರಡು ಕೂಡಿಸಿಕೊಂಡು ಓದಬಹುದಿತ್ತು. ಆದರೆ ಮುದ್ರಣಾಲಯದವರು ಎಂಟೆಂಟರ ಲೆಕ್ಕದಲ್ಲೇ ಪುಟ ಕೂಡಿಸುವುದು. ಕೊನೆಯಲ್ಲಿದ್ದ ಎಂಟರ ಬದಲು ಮೊದಲಲ್ಲಿ ಹನ್ನೆರಡು ಬಂದು ನಾಲ್ಕು ಹೆಚ್ಚಾಗಿತ್ತು. ಆ ನಾಲ್ಕನ್ನು ನಡುವಿನಿಂದ ಕಿತ್ತು ಹಾಕಿದ್ದರು. ಎಂಬತ್ತೆಂಟನೆಯ ಪುಟದವರೆಗೆ ಹನ್ನೆರಡು ಪುಟದ ತಪ್ಪು, ಅಲ್ಲಿಂದಾಚೆ ಎಂಟು ಪುಟದ್ದು. ಕಿತ್ತ ನಾಲ್ಕು ಪುಟಗಳನ್ನು ನೋಡಿ ಎಂದು ಮೂವತ್ತು ಕಡೆ ಬರೆದದ್ದು ಹಾಗೇ ಉಳಿದಿತ್ತು.

ಮಳಿಗೆಯ ಹಿಂದಿನ ಪರದೆಯ ಮರೆಯಲ್ಲಿ ಅವಳು ರಸೆಲ್‌ನನ್ನು ಹಿಡಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಹನ್ನೆರಡು ಪುಟ ತಾನೇ, ಓದುವವರು ಕೂಡಿಸಿಕೊಳ್ಳುತ್ತಾರೆ ಎಂದ. ಎಂಬತ್ತೆಂಟನೆಯ ಪುಟದಾಚೆಯ ವಿಷಯ ಹೇಳಿದಾಗ ಅವನು ಬಿಳುಚಿಕೊಂಡ. ಅಷ್ಟರಲ್ಲೇ ಅವನ ಮುಖ ಬಿಗಿಯಿತು.

"ಎಂಟು ವರ್ಷ ಬರ್ದಿದ್ದು ಅದನ್ನ. ನೀವು ಅದನ್ನ ಹಿತ್ತಲಿಗೆ ಹಾಕಿದ್ರಿ, ಕಸದ ಥರ. ನನ್ನ ಪುಸ್ತಕ ಅದು, ಮಿಸೆಸ್ ಮ್ಯಾಡ್ಸೆನ್."

"ಒಂದು ಮಾತು ಹೇಳಿದ್ರೆ ಸಾಕಿತ್ತು, ರಸೆಲ್. ಒಂದು ವಾರ."

"ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ."

ಅದು ನಿಜವೆಂದು ಅವಳಿಗೆ ಅನಿಸಿತು. ಬಿಡುತ್ತಿರಲಿಲ್ಲ. ಆದರೂ ಅವಳು ಸರಿಯಾದ ಪುಟಸಂಖ್ಯೆಗಳ ತಪ್ಪೊಪ್ಪಿನ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿಯೊಂದು ಪುಸ್ತಕದಲ್ಲೂ ಇಡಿಸು ಎಂದು ಕೇಳಿಕೊಂಡಳು. ಸಮ್ಮೇಳನದ ದಿನವೇ ಹಾಗೆ ಮಾಡಿದರೆ ಕಂಪನಿಯ ಮಾನ ಹೋಗುತ್ತದೆ, ಮುಂದಿನ ಮುದ್ರಣಕ್ಕೆ ನೋಡೋಣ ಎಂದು ಅವನು ಪರದೆ ಸರಿಸಿ ಹೊರಟುಹೋದ.

ಊರಿಗೆ ಬಂದವಳೇ ಕೆಲಸಕ್ಕೆ ಕೂತಳು. ತನ್ನ ಹೆಸರು ಹೊತ್ತ ಸುಳ್ಳು ಸಂಖ್ಯೆಗಳು ಊರೂರು ತಿರುಗುತ್ತಿವೆ ಎಂಬುದು ಅವಳಿಗೆ ಮೈಮೇಲೆ ಹುಳ ಹರಿದಂತಿತ್ತು. ಸಾವಿರದ ಒಂಬೈನೂರು ಪದಗಳಿಗೂ ಹೊಸ ಸಂಖ್ಯೆ ಹಾಕಿ, ಟೈಪು ಮಾಡಿ, ಹನ್ನೊಂದನೆಯ ದಿನ ಚಪ್ಪಲಿ ಅಂಗಡಿಯ ಮಹಡಿಗೆ ಒಯ್ದು ಕೊಟ್ಟಳು. ರಸೆಲ್ ಊರಲ್ಲಿರಲಿಲ್ಲ. ಮರುದಿನ ಫೋನು ಮಾಡಿ ಬಹಳ ಉಪಕಾರವಾಯಿತು ಎಂದ.

ನವೆಂಬರಿನಲ್ಲಿ ಗ್ರಂಥಾಲಯಕ್ಕೆ ಬಂದ ಹೊಸ ಪತ್ರಿಕೆಗಳಿಗೆ ಮುದ್ರೆ ಒತ್ತುತ್ತಿದ್ದಾಗ ಆಟಗಾರರ ಮಾಸಿಕ ಅವಳ ಕೈಗೆ ಬಂತು. ಹಿಂದಿನ ಸಂಚಿಕೆಯಲ್ಲಿ ಒಬ್ಬ ವಿಮರ್ಶಕ 'ಕಬ್ಬಿಣದ ತೀರ'ದ ಕತೆಯನ್ನು ಹೊಗಳಿ, ಇಷ್ಟು ಕೆಟ್ಟ ಪದಸೂಚಿ ತಾನು ಜನ್ಮದಲ್ಲಿ ಕಂಡಿಲ್ಲ ಎಂದು ಬರೆದಿದ್ದ. ಈಗ ಅದಕ್ಕೆ ರಸೆಲ್‌ನ ಉತ್ತರವಿತ್ತು. ಪದಸೂಚಿಯನ್ನು ಆಟದ ಪರಿಚಯವಿಲ್ಲದ ಹೊರಗಿನವರೊಬ್ಬರಿಗೆ ವಹಿಸಿದ್ದೆವು, ಆದ ತೊಂದರೆಗೆ ವಿಷಾದಿಸುತ್ತೇವೆ, ಮುಂದಿನ ಮುದ್ರಣದ ಹೊಣೆಯನ್ನು ನಮ್ಮ ಕಚೇರಿಯೇ ಹೊತ್ತಿದೆ ಎಂದಿತ್ತು.

ಅವಳು ಆ ಪುಟಕ್ಕೇ ಗ್ರಂಥಾಲಯದ ಮುದ್ರೆ ಒತ್ತಿಬಿಟ್ಟಿದ್ದಳು. ಪತ್ರಿಕೆಯನ್ನು ಕಪಾಟಿನಲ್ಲಿಟ್ಟು, ಕಚೇರಿಯ ಬಾಗಿಲು ಹಾಕಿಕೊಂಡು ರಸೆಲ್‌ಗೆ ಫೋನು ಮಾಡಿದಳು.

"ಅಲ್ಲಿ ನಿಮ್ಮ ಹೆಸರು ಬರ್ದಿಲ್ವಲ್ಲ, ಮಿಸೆಸ್ ಮ್ಯಾಡ್ಸೆನ್," ಎಂದ ರಸೆಲ್.

"ಪುಸ್ತಕದಲ್ಲಿದೆ," ಎಂದಳು ಅವಳು.

ಯಾರೋ ಬಂದಿದ್ದಾರೆಂದು ಹೇಳಿ ಅವನು ಫೋನು ಇಟ್ಟ.

ಆ ಶನಿವಾರ ಅವಳು ನೆಲಮಾಳಿಗೆಗೆ ಇಳಿದು ಕರ್ಟ್‌ನನ್ನು ಪಕ್ಕಕ್ಕೆ ಕರೆದಳು. ಜೀವನದಲ್ಲಿ ಯಾರ ಬಳಿಯೂ ಹೀಗೆ ಕೇಳಿದವಳಲ್ಲ, ಮಾತು ತಡವರಿಸಿತು. ನೀನು ಕಣ್ಣಾರೆ ನೋಡಿದ್ದೀಯ. ನಾನು ಹೇಗೆ ಮಾಡಿದೆ, ಎಷ್ಟು ಶನಿವಾರ ಕೂತೆ ಎಂದು ಆ ಪತ್ರಿಕೆಗೆ ನಾಲ್ಕು ಸಾಲು ಬರೆದು ಹಾಕು ಎಂದಳು. ಕರ್ಟ್‌ಗೆ ನಿಜವಾಗಿಯೂ ಕೋಪ ಬಂತು. ರಸೆಲ್ ಮಾಡಿದ್ದು ತಪ್ಪು, ಖಂಡಿತ ಬರೆಯುತ್ತೇನೆ ಎಂದ. ಡಿಸೆಂಬರ್ ಸಂಚಿಕೆಯಲ್ಲಿ ಅವನ ಪತ್ರವಿರಲಿಲ್ಲ. ಜನವರಿಯಲ್ಲೂ ಇರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಈ ವಾರ ಬರೆಯುತ್ತೇನೆ ಎನ್ನುತ್ತಿದ್ದ. ಫೆಬ್ರವರಿಯಿಂದ ಅವನು ಎದುರಾಗುವುದೇ ನಿಂತಿತು. ಹಿಂದಿನ ಬಾಗಿಲಿನಿಂದ ಬಂದು ಹೋಗುತ್ತಿದ್ದ.

ಯಾಕೆಂದು ಏಪ್ರಿಲಿನಲ್ಲಿ ಹೊಸ ಮುದ್ರಣ ಬಂದಾಗ ತಿಳಿಯಿತು. ಊರಿನ ಲೇಖಕನದೆಂದು ಕಂಪನಿಯವರು ಒಂದು ಪ್ರತಿ ಗ್ರಂಥಾಲಯಕ್ಕೆ ಕಾಣಿಕೆ ಕಳಿಸಿದ್ದರು. ಆರ್ಡಿಸ್ ಮೊದಲು ಪದಸೂಚಿ ತೆರೆದಳು. ಅವಳು ಟೈಪು ಮಾಡಿ ಕೊಟ್ಟದ್ದೇ, ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಹತ್ತು ಪದ ಪರೀಕ್ಷಿಸಿದಳು, ಹತ್ತೂ ಸರಿ. ಹೆಸರುಗಳ ಪುಟದಲ್ಲಿ ಅವಳ ಹೆಸರಿರಲಿಲ್ಲ. ಅದಿದ್ದ ಜಾಗದಲ್ಲಿ 'ಆಡಿ ಪರೀಕ್ಷಿಸಿದವರು: ಕರ್ಟ್ ಡ್ವೊರಾಕ್ ಮತ್ತು ಗೆಳೆಯರು' ಎಂದಿತ್ತು.

ಬೇಸಿಗೆಯ ಸಮ್ಮೇಳನದಲ್ಲಿ ಅದಕ್ಕೆ ಬಹುಮಾನವೂ ಬಂತು. ಬೇಕಾದ್ದು ಬೇಕೆಂದಾಗ ಸಿಗುವಂತೆ ಜೋಡಿಸಿದ ಪುಸ್ತಕ, ಇನ್ನು ಮುಂದೆ ಆಟದ ಪುಸ್ತಕ ಮಾಡುವವರೆಲ್ಲ ಇದನ್ನು ನೋಡಿ ಕಲಿಯಬೇಕು ಎಂದು ಅದೇ ವಿಮರ್ಶಕ ಬರೆದ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ, ಹಾಗಾಯಿತು. ತಪ್ಪಿದ್ದಾಗ ಅವಳ ಹೆಸರಿತ್ತು, ಸರಿಯಾದಾಗ ಅಳಿಸಿಹೋಗಿತ್ತು. ರಸೆಲ್ ಅವಳಿಗೊಂದು ಕಾಗದ ಬರೆದ. ನಿಮಗೆ ನೋವಾಗಿದ್ದರಿಂದ ನಿಮ್ಮ ಹೆಸರನ್ನು ಈ ಗದ್ದಲದಿಂದ ದೂರವಿಟ್ಟಿದ್ದೇನೆ ಎಂದಿತ್ತು ಅದರಲ್ಲಿ. ಅವನು ಅದನ್ನು ನಂಬಿಯೇ ಬರೆದಿದ್ದನೆಂದು ಅವಳಿಗೆ ಗೊತ್ತಿತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಸೆಪ್ಟೆಂಬರಿನಲ್ಲಿ ನೆಲಮಾಳಿಗೆಯ ಕೋಣೆಯ ಪಟ್ಟಿ ಹೊಸದಾಗಿ ಬರೆಯಬೇಕಿತ್ತು. ಕೌದಿ ಹೊಲಿಯುವ ಹೆಂಗಸರ ಸಂಘದವರು ಯಾವುದಾದರೂ ಒಂದು ದಿನ ಕೊಡಿ ಎಂದು ಅರ್ಜಿ ಹಾಕಿದ್ದರು. ಮಂಗಳವಾರ ಖಾಲಿಯಿತ್ತು, ಗುರುವಾರವೂ ಖಾಲಿಯಿತ್ತು. ಆರ್ಡಿಸ್ ಅವರಿಗೆ ಶನಿವಾರ ಬರೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಇದರಿಂದ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಆದರೂ ಬರೆದಳು. ಬರೆದದ್ದನ್ನು ಬಾಗಿಲಿಗೆ ಅಂಟಿಸಿದಳು.

ಮೊದಲ ಶನಿವಾರವೇ ಕರ್ಟ್ ಅವಳ ಮೇಜಿನ ಮುಂದೆ ಬಂದು ನಿಂತ. ಕಂಕುಳಲ್ಲಿ ಹೊಸ ಪುಸ್ತಕವಿತ್ತು, ಅದರಲ್ಲಿ ಒಂದೂ ಕಾಗದದ ಚೂರಿರಲಿಲ್ಲ. ಎಂಟು ವರ್ಷದಿಂದ ಆ ಕೋಣೆ ತಮ್ಮದು, ಕಾರ್ಖಾನೆಯಲ್ಲಿ ಅರ್ಧ ಜನರನ್ನು ತೆಗೆದಿದ್ದಾರೆ, ಗೆಳೆಯರಿಗೆ ವಾರಕ್ಕೊಂದು ಸಲ ನಗುವ ಜಾಗ ಅದೊಂದೇ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವಳು ಪಟ್ಟಿಯಲ್ಲಿ ಶನಿವಾರ ತುಂಬಿದೆ ಎಂದಳು.

"ನಾವೇನ್ ಮಾಡಿದ್ವಿ, ಮಿಸೆಸ್ ಮ್ಯಾಡ್ಸೆನ್?" ಎಂದು ಕೇಳಿದ ಕರ್ಟ್.

"ನೀವೇನೂ ಮಾಡ್ಲಿಲ್ಲ, ಕರ್ಟ್. ನಾಲ್ಕು ಸಾಲು ಬರಿಯೋದಿತ್ತು."

ಅವನ ಕಿವಿ ಕೆಂಪಾಯಿತು. ಪುಸ್ತಕವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದ. ಮೇಜಿನ ಅಂಚನ್ನೊಮ್ಮೆ ಮುಟ್ಟಿ, ಹೊರಟುಹೋದ. ಆಮೇಲೆ ಅವರ ಗುಂಪು ಸ್ವಲ್ಪ ದಿನ ಯಾರದೋ ಗ್ಯಾರೇಜಿನಲ್ಲಿ ಸೇರುತ್ತಿತ್ತಂತೆ. ಚಳಿ ಶುರುವಾದ ಮೇಲೆ ಇಬ್ಬರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರು, ಉಳಿದವರು ಸೇರುವುದು ನಿಂತಿತು.

ಕೌದಿಯ ಹೆಂಗಸರು ಐದು ಶನಿವಾರ ಬಂದರು. ನೆಲಮಾಳಿಗೆ ತಂಡಿ, ಸೂಜಿಗೆ ದಾರ ಪೋಣಿಸಲು ಬೆಳಕು ಸಾಲದು ಎಂದು ಚರ್ಚಿನ ಹಾಲ್‌ಗೆ ಹೋದರು. ಕೋಣೆ ಖಾಲಿಯಾಯಿತು. ಕರ್ಟ್‌ನ ಮನೆಯ ನಂಬರು ಆರ್ಡಿಸಳ ಬಳಿಯಿತ್ತು, ಒಂದು ಫೋನು ಮಾಡಿದ್ದರೆ ಸಾಕಿತ್ತು. ಅವಳು ಮಾಡಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಕೆಳಗಿಳಿದು ಬೀಗ ಹಾಕಿದೆಯೇ ಎಂದು ಎಳೆದು ನೋಡಿ ಮೇಲೆ ಬರುತ್ತಿದ್ದಳು. ನಿವೃತ್ತಿಯಾಗುವವರೆಗೆ ಏಳು ವರ್ಷ, ಆ ದಿನವನ್ನು ಅವಳು ಯಾರಿಗೂ ಕೊಡಲಿಲ್ಲ.